ಹಾಸ್ಪಿಸ್ ಆರೈಕೆಯ ಪ್ರಚಾರವೇ ನನ್ನ ಉದ್ಯೋಗವಾದ ಬಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳ ಊರೂರಿಗೆ ಹೋಗಿ, ಗುಣವಾಗದ ಕಾಯಿಲೆಯವರಿಗೆ ಸಿಗಬೇಕಾದ ಆರೈಕೆಯ ಬಗ್ಗೆ ಜನರೊಂದಿಗೂ ವೈದ್ಯರೊಂದಿಗೂ ಮಾತನಾಡುವುದು ನನ್ನ ಕೆಲಸ. ಸ್ತ್ರೀಶಕ್ತಿ ಸಂಘದ ಸಭೆಯಿರಲಿ, ನರ್ಸಿಂಗ್ ಕಾಲೇಜಿನ ತರಗತಿಯಿರಲಿ, ಮಠದ ಅಂಗಳವಿರಲಿ, ಮಾತು ಮುಗಿದ ಮೇಲೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಸಭೆಯಲ್ಲಿ ಕೇಳಲು ಸಂಕೋಚಪಟ್ಟು, ಆಮೇಲೆ ಬಸ್ ನಿಲ್ದಾಣದವರೆಗೆ ಜೊತೆಗೆ ನಡೆದು ಬಂದು ಕೇಳಿದ ಪ್ರಶ್ನೆಗಳೂ ಇಲ್ಲಿವೆ.

ಹಾಸ್ಪಿಸ್ ಎಂದರೆ ಆಸ್ಪತ್ರೆಯೇ, ವೃದ್ಧಾಶ್ರಮವೇ?

ಎರಡೂ ಅಲ್ಲ. ರೋಗವನ್ನು ಗುಣಪಡಿಸುವ ಚಿಕಿತ್ಸೆಯಿಂದ ಇನ್ನು ಪ್ರಯೋಜನವಿಲ್ಲ ಎಂದು ತಿಳಿದ ಮೇಲೆ, ಉಳಿದ ದಿನಗಳಲ್ಲಿ ನೋವು, ಉಬ್ಬಸ, ವಾಂತಿ, ಹುಣ್ಣು, ನಿದ್ದೆಗೇಡು, ಭಯ ಇವುಗಳನ್ನು ಹತೋಟಿಯಲ್ಲಿಟ್ಟು ರೋಗಿಯನ್ನೂ ಮನೆಯವರನ್ನೂ ನೋಡಿಕೊಳ್ಳುವ ವ್ಯವಸ್ಥೆಯನ್ನು ಹಾಸ್ಪಿಸ್ ಎನ್ನುತ್ತಾರೆ. ಅದು ಒಂದು ಕಟ್ಟಡವಾಗಿರಬಹುದು. ನರ್ಸ್ ಒಬ್ಬರು ಚೀಲ ಹಿಡಿದು ಮನೆ ಬಾಗಿಲಿಗೆ ಬರುವ ರೀತಿಯಲ್ಲೂ ಇರಬಹುದು. ಉಪಶಾಮಕ ಆರೈಕೆ, ಅಂದರೆ ಪ್ಯಾಲಿಯೇಟಿವ್ ಕೇರ್, ಇದಕ್ಕಿಂತ ವಿಶಾಲವಾದದ್ದು. ಅದು ರೋಗ ಪತ್ತೆಯಾದ ದಿನದಿಂದಲೇ, ಕಿಮೋ ಅಥವಾ ಡಯಾಲಿಸಿಸ್ ನಡೆಯುತ್ತಿರುವಾಗಲೂ ಜೊತೆಜೊತೆಗೆ ಸಾಗಬಹುದು. ಅದರ ಕೊನೆಯ ಹಂತವೇ ಹಾಸ್ಪಿಸ್. ಕ್ಯಾನ್ಸರಿಗೆ ಮಾತ್ರ ಸೀಮಿತವೇ ಎಂದು ಹಲವರು ಕೇಳುತ್ತಾರೆ. ಇಲ್ಲ. ಕೈಚೆಲ್ಲಿದ ಹೃದಯ, ಮೂತ್ರಪಿಂಡ, ಶ್ವಾಸಕೋಶಗಳವರಿಗೂ, ಲಕ್ವ ಹೊಡೆದು ಹಾಸಿಗೆ ಹಿಡಿದವರಿಗೂ, ಮರೆವಿನ ಕಾಯಿಲೆಯ ವೃದ್ಧರಿಗೂ, ಮಕ್ಕಳಿಗೂ ಇದು ಬೇಕಾಗುತ್ತದೆ.

ನೀವು ಈ ಕೆಲಸಕ್ಕೆ ಬಂದದ್ದು ಹೇಗೆ?

ನಾನು ಹನ್ನೊಂದು ವರ್ಷ ಔಷಧ ಕಂಪನಿಯೊಂದರ ಪ್ರತಿನಿಧಿಯಾಗಿದ್ದೆ. ಚರ್ಮದ ಚೀಲ ಹೊತ್ತು ವಿಜಯಪುರ, ಜಮಖಂಡಿ, ಮುಧೋಳ, ಅಥಣಿಯ ದವಾಖಾನೆಗಳ ಬಾಗಿಲಲ್ಲಿ ವೈದ್ಯರ ಕರೆಗೆ ಕಾಯುತ್ತಿದ್ದವನು. ಅಥಣಿ ತಾಲೂಕಿನ ಹಳ್ಳಿಯಲ್ಲಿದ್ದ ನನ್ನ ಅವ್ವನಿಗೆ, ಆ ಭಾಗದ ಅನೇಕ ಹೆಣ್ಣುಮಕ್ಕಳಂತೆ, ಸುಟ್ಟ ತಂಬಾಕಿನ ಪುಡಿಯಾದ ಮಿಶ್ರಿಯಿಂದ ಹಲ್ಲು ತಿಕ್ಕುವ ರೂಢಿ ಚಿಕ್ಕಂದಿನಿಂದಲೂ ಇತ್ತು. 2012ರ ಬೇಸಿಗೆಯ ಹೊತ್ತಿಗೆ ಬಲಗೆನ್ನೆಯ ಒಳಗಿನ ಹುಣ್ಣು ಹೊರಗೆ ಒಡೆದಿತ್ತು. ಚಿಕಿತ್ಸೆ ನೀಡುತ್ತಿದ್ದ ದೊಡ್ಡ ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ, ನಡೆದುಕೊಂಡು ಹೋಗುತ್ತಲೇ ನಮಗೆ ಹೇಳಿದ ಮಾತು ಇಷ್ಟೇ: ಇನ್ನು ಮಾಡುವುದೇನೂ ಉಳಿದಿಲ್ಲ, ಮನೆಗೆ ಕರೆದುಕೊಂಡು ಹೋಗಿ.

ಮನೆಯಲ್ಲಿ ಅವಳು 71 ದಿನ ಬದುಕಿದ್ದಳು. ಮಾಡಬೇಕಾದ ಕೆಲಸ ಆ ಪ್ರತಿಯೊಂದು ದಿನವೂ ಇತ್ತು. ಅದನ್ನು ಹೇಗೆ ಮಾಡಬೇಕೆಂದು ಹೇಳಿಕೊಡುವವರು ಮಾತ್ರ ಇರಲಿಲ್ಲ. ಊರಿನ ಕಂಪೌಂಡರು ನೋವಿಗೆಂದು ಸಂಜೆ ಒಂದು ಸೂಜಿ ಚುಚ್ಚಿ ಹೋಗುತ್ತಿದ್ದರು, ಅದರ ಪ್ರಭಾವ ನಡುರಾತ್ರಿಗೆ ಮುಗಿದುಹೋಗುತ್ತಿತ್ತು. ಹುಣ್ಣಿನ ವಾಸನೆ ಎಷ್ಟಿತ್ತೆಂದರೆ, ಕಾಣಲು ಬಂದ ಬೀಗರು ಪಡಸಾಲೆ ದಾಟಿ ಒಳಗೆ ಬರುತ್ತಿರಲಿಲ್ಲ; ಅವ್ವನೂ ಅದನ್ನರಿತು ಸೆರಗಿನಿಂದ ಮುಖ ಮುಚ್ಚಿ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಅವಳು ಒಮ್ಮೆಯೂ ಬದುಕಿಸಿರೆಂದು ಕೇಳಲಿಲ್ಲ. "ರಾತ್ರಿ ಒಂದ್ ತಾಸು ನಿದ್ದಿ ಬಂದ್ರ ಸಾಕಪಾ" ಎನ್ನುತ್ತಿದ್ದಳು.

ಹನ್ನೊಂದು ವರ್ಷ ಔಷಧ ಮಾರಿದವನಿಗೆ ಆ ಒಂದು ತಾಸಿನ ನಿದ್ದೆ ತಂದುಕೊಡುವ ದಾರಿ ತಿಳಿದಿರಲಿಲ್ಲ. ಕೊನೆಗೆ ದಾರಿ ತೋರಿಸಿದ್ದು ರಜೆಗೆ ಊರಿಗೆ ಬಂದಿದ್ದ ಒಬ್ಬ ನರ್ಸ್. ಕೇರಳದಲ್ಲಿ ಉಪಶಾಮಕ ಆರೈಕೆಯ ತರಬೇತಿ ಪಡೆದಿದ್ದ ಆ ಹೆಣ್ಣುಮಗಳು ಮೆಟ್ರೊನಿಡಜೋಲ್ ಗುಳಿಗೆಗಳನ್ನು ನುಣ್ಣಗೆ ಪುಡಿ ಮಾಡಿ, ತೊಳೆದ ಹುಣ್ಣಿನ ಮೇಲೆ ಉದುರಿಸಿ ಪಟ್ಟಿ ಕಟ್ಟಿದರು. ಅದು ಭೇದಿಗೆಂದು ಎಲ್ಲ ಅಂಗಡಿಯಲ್ಲೂ ಸಿಗುವ ಅಗ್ಗದ ಗುಳಿಗೆ; ಅದೇ ಜಾತಿಯದನ್ನು ನಾನೇ ವರ್ಷಗಟ್ಟಲೆ ಮಾರಿದ್ದೆ. ನಾಲ್ಕೈದು ದಿನಗಳಲ್ಲಿ ವಾಸನೆ ತಗ್ಗಿತು, ಪಕ್ಕದ ಮನೆಯ ಅಜ್ಜಿ ಬಂದು ಹಾಸಿಗೆಯ ಮೇಲೆಯೇ ಕೂತು ಮಾತನಾಡಿದಳು. ತೀವ್ರ ನೋವಿಗೆ ಕೊಡುವ ಮಾರ್ಫಿನ್ ಗುಳಿಗೆ ಮಾತ್ರ ಸುತ್ತಲಿನ ಯಾವ ಅಂಗಡಿಯಲ್ಲೂ ಇರಲಿಲ್ಲ. ನನ್ನ ಕಾಕಾನ ಮಗ ಅವ್ವನ ಕಾಗದಪತ್ರಗಳನ್ನೆಲ್ಲ ಹಿಡಿದು ಬೆಂಗಳೂರಿಗೆ ಹೋಗಿ, ರಾತ್ರಿ ಬಸ್ಸಿನಲ್ಲಿ ಅದನ್ನು ತಂದ. ಕಡೆಯ ಒಂಬತ್ತು ದಿನ ಅವ್ವ ಮಲಗಿ ನಿದ್ರಿಸಿದಳು, ತೆಳ್ಳಗೆ ಮಾಡಿದ ಅಂಬಲಿಯನ್ನು ಚಮಚದಲ್ಲಿ ಕುಡಿದಳು, ಯಾರ ಹೊಲದ ಬದು ಎಲ್ಲಿಯವರೆಗಿದೆ ಎಂಬುದನ್ನು ನನಗೆ ಹೇಳಿ ಮುಗಿಸಿದಳು. ಉಳಿದ 62 ದಿನಗಳೂ ಹಾಗೆಯೇ ಇರಬಹುದಿತ್ತು ಎಂಬ ಲೆಕ್ಕವೇ ನನ್ನನ್ನು ಈ ಕೆಲಸಕ್ಕೆ ತಂದದ್ದು.

ಅಂದರೆ ಅವ್ವ ತೀರಿಕೊಂಡ ಕೂಡಲೇ ನೌಕರಿ ಬಿಟ್ಟಿರಾ?

ಇಲ್ಲ, ಹಾಗೆ ಬಿಟ್ಟಿದ್ದರೆ ಅದು ತಪ್ಪಾಗುತ್ತಿತ್ತು. ಹದಿನಾಲ್ಕು ತಿಂಗಳು ಹಳೆಯ ಕೆಲಸದಲ್ಲೇ ಇದ್ದೆ. ಭಾನುವಾರಗಳಲ್ಲಿ ಆ ನರ್ಸ್ ಹೇಳಿಕೊಟ್ಟಂತೆ ಸುತ್ತಲಿನ ನಾಲ್ಕಾರು ಮನೆಗಳಿಗೆ ಹೋಗಿ ಪಟ್ಟಿ ಕಟ್ಟುವುದಕ್ಕೆ, ಮಗ್ಗುಲು ಬದಲಿಸುವುದಕ್ಕೆ ಕೈ ಜೋಡಿಸಿದೆ, ಆಮೇಲೆ ಕ್ರಮಬದ್ಧವಾದ ತರಬೇತಿ ಪಡೆದೆ. ಒಂದು ಸೇವಾ ಸಂಸ್ಥೆ ಊರೂರಿನ ಸಂಪರ್ಕದ ಕೆಲಸಕ್ಕೆ ಸಂಬಳ ಕೊಡಲು ಒಪ್ಪಿದ ಮೇಲೆಯೇ ಚೀಲ ಕೆಳಗಿಟ್ಟದ್ದು. ಸಂಬಳ ಅರ್ಧಕ್ಕಿಂತ ತುಸು ಹೆಚ್ಚಷ್ಟೇ. ಮನೆಯಾಕೆ ಎರಡು ತಿಂಗಳು ಸರಿಯಾಗಿ ಮಾತನಾಡಲಿಲ್ಲ, ಅವಳ ಸಿಟ್ಟು ನ್ಯಾಯವಾದದ್ದೇ ಆಗಿತ್ತು.

ಹಳೆಯ ಉದ್ಯೋಗ ವ್ಯರ್ಥವಾಗಲಿಲ್ಲ ಎಂಬುದನ್ನೂ ಹೇಳಬೇಕು. ಹೊರರೋಗಿಗಳ ಸಾಲು ಮುಗಿಯುವವರೆಗೆ ಬೇಸರವಿಲ್ಲದೆ ಕೂರುವುದು, ವೈದ್ಯರು ಕೊಡುವ ಮೂರು ನಿಮಿಷಗಳಲ್ಲಿ ಒಂದೇ ವಿಷಯ ಹೇಳಿ ಎದ್ದು ಬರುವುದು, ಮುಂದಿನ ತಿಂಗಳು ಮತ್ತೆ ಹೋಗುವುದು, ಇವು ನನಗೆ ಆಗಲೇ ಬರುತ್ತಿದ್ದವು. ಮೊದಲು ಗುಳಿಗೆಯ ಹೆಸರು ಹೇಳುತ್ತಿದ್ದೆ, ಈಗ ಒಂದು ಪ್ರಶ್ನೆಯನ್ನಿಟ್ಟು ಬರುತ್ತೇನೆ: ನೀವು ಮನೆಗೆ ಕಳಿಸಿದ ರೋಗಿಗೆ ಇವತ್ತು ನೋವು ಎಷ್ಟಿದೆ? ವೈದ್ಯಕೀಯದಲ್ಲಿ ನೋವನ್ನು ಸೊನ್ನೆಯಿಂದ ಹತ್ತರವರೆಗೆ ಅಳೆಯುತ್ತಾರೆ. ನಮ್ಮ ಕಡೆಯ ಹಿರಿಯರಿಗೆ ಆ ಅಳತೆ ಹಿಡಿಸುವುದಿಲ್ಲ, ಆದರೆ ಹದಿನಾರಾಣೆಯ ಲೆಕ್ಕ ತಟ್ಟನೆ ತಿಳಿಯುತ್ತದೆ. "ಎಂಟಾಣೆ ಕಡಿಮಿ ಆಗೇತ್ರಿ" ಎಂದು ಅವರು ಹೇಳಿದರೆ ಅದನ್ನು ಚೀಟಿಯಲ್ಲಿ ಹಾಗೆಯೇ ಬರೆದುಕೊಳ್ಳಬಹುದು.

ಹೀಗೆ ಒಬ್ಬರ ಸಾವಿನಿಂದ ಈ ದಾರಿ ಹಿಡಿದವರು ಬೇರೆಯವರೂ ಇದ್ದಾರೆಯೇ?

ಈ ಇಡೀ ಚಳವಳಿಯೇ ಹೀಗೆ ಆರಂಭವಾಯಿತು ಎನ್ನಬಹುದು. ಲಂಡನ್ನಿನ ಸಿಸಿಲಿ ಸಾಂಡರ್ಸ್ ಮೊದಲು ನರ್ಸ್, ಬಳಿಕ ಆಸ್ಪತ್ರೆಯ ಸಮಾಜ ಕಾರ್ಯಕರ್ತೆ. ಪೋಲೆಂಡಿನಿಂದ ವಲಸೆ ಬಂದು ಕ್ಯಾನ್ಸರಿನಿಂದ ಸಾಯುತ್ತಿದ್ದ ಡೇವಿಡ್ ತಾಸ್ಮಾ ಎಂಬವರ ಕೊನೆಯ ದಿನಗಳಲ್ಲಿ ಅವರು ಜೊತೆಗಿದ್ದರು. 1948ರಲ್ಲಿ ತಾಸ್ಮಾ ತೀರಿಕೊಂಡಾಗ, ಮುಂದೆ ಕಟ್ಟಲಿರುವ ಮನೆಗೆ ಕಿಟಕಿಯಾಗಲಿ ಎಂದು 500 ಪೌಂಡ್ ಬಿಟ್ಟುಹೋಗಿದ್ದರು. ವೈದ್ಯರು ಕೇಳುವುದು ವೈದ್ಯರ ಮಾತನ್ನೇ ಎಂಬುದನ್ನು ಅರಿತ ಸಾಂಡರ್ಸ್ ಮತ್ತೆ ಓದಲು ಕೂತು 1957ರಲ್ಲಿ ವೈದ್ಯೆಯಾದರು. 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದರು. ಒಂದು ಸಾವು ಮತ್ತು ಒಂದು ಕಟ್ಟಡದ ನಡುವೆ 19 ವರ್ಷಗಳ ಅಂತರವಿತ್ತು ಎಂಬುದನ್ನು ಅವಸರದ ಯುವಕರಿಗೆ ನಾನು ಬೇಕೆಂದೇ ಹೇಳುತ್ತೇನೆ.

ನಮ್ಮ ದೇಶದ ಮೊದಲ ಹಾಸ್ಪಿಸ್ ಆದ ಶಾಂತಿ ಅವೇದನಾ 1986ರಲ್ಲಿ ಮುಂಬೈಯಲ್ಲಿ ಆರಂಭವಾಯಿತು. 1993ರಲ್ಲಿ ಕೋಳಿಕ್ಕೋಡಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಸಂಗಡಿಗರು ಕಟ್ಟಿದ ಸಂಘದಿಂದ, ಮನೆಮನೆಗೆ ಹೋಗುವ ಸ್ವಯಂಸೇವಕರ ಪದ್ಧತಿ ಕೇರಳದ ಉದ್ದಗಲಕ್ಕೂ ಹಬ್ಬಿತು. ಬೆಂಗಳೂರಿನ ಕರುಣಾಶ್ರಯ 1999ರಿಂದ ಹಣ ತೆಗೆದುಕೊಳ್ಳದೆ ರೋಗಿಗಳನ್ನು ನೋಡಿಕೊಳ್ಳುತ್ತಿದೆ.

ಮಾರ್ಫಿನ್ ಕೊಟ್ಟರೆ ಚಟವಾಗುವುದಿಲ್ಲವೇ? ಅದು ಕಾನೂನಿಗೆ ವಿರುದ್ಧವಲ್ಲವೇ?

ಕ್ಯಾನ್ಸರಿನ ತೀವ್ರ ನೋವಿಗೆ, ತಿಳಿದ ವೈದ್ಯರ ನಿಗಾದಲ್ಲಿ, ನೋವಿನ ಪ್ರಮಾಣಕ್ಕೆ ತಕ್ಕಂತೆ ಕೊಟ್ಟ ಮಾರ್ಫಿನ್ ಚಟಕ್ಕೆ ದಾರಿಯಾಗುವುದು ವಿರಳ. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ನೋವು ಶಮನಕ್ಕೆ ಮೂರು ಮೆಟ್ಟಿಲುಗಳ ಕ್ರಮವನ್ನು ತೋರಿಸಿತು: ಮೊದಲು ಪ್ಯಾರಾಸಿಟಮಾಲ್‌ನಂಥವು, ಅದಕ್ಕೂ ಬಗ್ಗದಿದ್ದರೆ ಕೋಡೀನ್‌ನಂಥವು, ಕೊನೆಗೆ ಮಾರ್ಫಿನ್. ಸಾಧ್ಯವಿರುವವರೆಗೆ ಬಾಯಿಯ ಮೂಲಕ ಕೊಡಬೇಕು, ನೋವು ಬರಲಿ ಎಂದು ಕಾಯದೆ ಗಡಿಯಾರ ನೋಡಿ ಕೊಡಬೇಕು. ಸಾಮಾನ್ಯ ಮಾರ್ಫಿನ್ ಗುಳಿಗೆಯ ಪ್ರಭಾವ ಸುಮಾರು ನಾಲ್ಕು ತಾಸು. ಆದ್ದರಿಂದ ಸಂಜೆಗೊಂದು ಸೂಜಿ ಎಂಬ ನಮ್ಮೂರಿನ ಪದ್ಧತಿ ರಾತ್ರಿಯನ್ನು ನರಕ ಮಾಡುತ್ತದೆ. ಮೊದಲ ಕೆಲವು ದಿನ ಮಂಪರು, ಓಕರಿಕೆ ಕಾಣಬಹುದು, ಅವು ತಾವಾಗಿಯೇ ತಗ್ಗುತ್ತವೆ. ಮಲಬದ್ಧತೆ ಮಾತ್ರ ತಗ್ಗುವುದಿಲ್ಲ, ಅದಕ್ಕೆ ಮೊದಲ ದಿನದಿಂದಲೇ ಔಷಧ ಬೇಕು. ಪ್ರಮಾಣವನ್ನು ಮನೆಯವರು ತಾವೇ ಏರಿಸುವುದಾಗಲಿ, ಥಟ್ಟನೆ ನಿಲ್ಲಿಸುವುದಾಗಲಿ ಕೂಡದು.

ಕಾನೂನಿನ ವಿಷಯ: 1985ರ ಮಾದಕ ವಸ್ತುಗಳ ಕಾಯ್ದೆಯ ಬಳಿಕ ಹಲವು ಪರವಾನಗಿಗಳ ತೊಡಕಿನಿಂದ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. 2014ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ ಮಾರ್ಫಿನ್, ಫೆಂಟನಿಲ್, ಮೆಥಡೋನ್ ಸೇರಿದಂತೆ ಆರು ಔಷಧಗಳನ್ನು ಅಗತ್ಯ ಮಾದಕ ಔಷಧಗಳೆಂದು ಗುರುತಿಸಲಾಯಿತು. ರಾಜ್ಯದ ಔಷಧ ನಿಯಂತ್ರಕರಿಂದ ಮಾನ್ಯತೆ ಪಡೆದ ಸಂಸ್ಥೆ, ತರಬೇತಿ ಪಡೆದ ವೈದ್ಯರಿದ್ದರೆ, ಇವನ್ನು ಇಟ್ಟುಕೊಂಡು ರೋಗಿಗೆ ಕೊಡಬಹುದು. ಅವ್ವ ತೀರಿಕೊಂಡ ಎರಡು ವರ್ಷಕ್ಕೆ ಬಂದ ತಿದ್ದುಪಡಿ ಇದು. ಆದರೂ ನನ್ನ ಅನುಭವದಲ್ಲಿ ಕಾಯ್ದೆ ಸಡಿಲಾದಷ್ಟು ವೇಗವಾಗಿ ಮನಸ್ಸುಗಳು ಸಡಿಲಾಗಿಲ್ಲ. ಮಾನ್ಯತೆಗೆ ಅರ್ಜಿ ಹಾಕುವುದೇ ಬೇಡದ ಗೊಡವೆ ಎನ್ನುವ ಆಸ್ಪತ್ರೆಗಳನ್ನು ಈಗಲೂ ಕಾಣುತ್ತೇನೆ.

ರೋಗಿಗೆ ನಿಜ ಹೇಳಬೇಕೇ? "ಅವ್ರಿಗೆ ಹೇಳಬ್ಯಾಡ್ರಿ, ಎದಿ ಒಡಕೋತಾರ" ಎಂದು ಮನೆಯವರು ಹೇಳಿದರೆ ಏನು ಮಾಡುತ್ತೀರಿ?

ಈ ಮಾತು ಹತ್ತು ಮನೆಗಳಲ್ಲಿ ಎಂಟರಲ್ಲಿ, ಅದೂ ಹಿರಿಯ ಮಗನ ಬಾಯಿಂದ, ಹೊಸ್ತಿಲ ಹೊರಗೇ ಕೇಳಿಬರುತ್ತದೆ. ಅದರ ಹಿಂದೆ ಇರುವುದು ಪ್ರೀತಿಯೇ, ಆದ್ದರಿಂದ ಅದನ್ನು ಅಜ್ಞಾನವೆಂದು ತಳ್ಳಿಹಾಕುವುದಿಲ್ಲ. ಆದರೆ ರೋಗಿಗೆ ಸಾಮಾನ್ಯವಾಗಿ ಗೊತ್ತಿರುತ್ತದೆ. ಕಿಮೋ ನಿಂತದ್ದು, ಮಗಳು ಗಂಡನ ಮನೆಯಿಂದ ಬಂದು ವಾಪಸು ಹೋಗದೆ ಉಳಿದದ್ದು, ನೆರೆಯವರು ದನಿ ತಗ್ಗಿಸಿದ್ದು, ಇವನ್ನು ಹಾಸಿಗೆಯಲ್ಲಿದ್ದವರು ನಮಗಿಂತ ಮೊದಲು ಗಮನಿಸುತ್ತಾರೆ. ಮನೆಯವರು ಅವರಿಗಾಗಿ ಮುಚ್ಚಿಡುತ್ತಾರೆ, ಅವರು ಮನೆಯವರಿಗಾಗಿ ಗೊತ್ತಿಲ್ಲದವರಂತೆ ಇರುತ್ತಾರೆ. ನಾವು ನಿಜವನ್ನು ತಂದು ಸುರಿಯುವುದಿಲ್ಲ. "ನಿಮಗ ಏನ್ ಅನ್ನಸ್ತದ್ರಿ ಅಜ್ಜಾ, ಜಡ್ಡು ಯಾವ ಕಡೆ ಹೊಂಟೇತಿ?" ಎಂದು ಕೇಳಿ ಸುಮ್ಮನೆ ಕೂರುತ್ತೇವೆ. ತಿಳಿಯಲು ಇಷ್ಟವಿದ್ದವರು ಮುಂದಿನ ಪ್ರಶ್ನೆ ಕೇಳುತ್ತಾರೆ, ಇಷ್ಟವಿಲ್ಲದವರು ಮಳೆಯ ವಿಷಯ ತೆಗೆಯುತ್ತಾರೆ. ಎರಡನ್ನೂ ಮನ್ನಿಸಬೇಕು. ಮುಚ್ಚಿಟ್ಟದ್ದರಿಂದ ಆದ ನಷ್ಟವನ್ನು ಮಾತ್ರ ನಾನು ಕಣ್ಣಾರೆ ಕಂಡಿದ್ದೇನೆ: ಹೊಲದ ಕಾಗದ, ಕೊಟ್ಟ ಸಾಲ, ಮುರಿದ ಅಣ್ಣತಮ್ಮಂದಿರ ಮಾತು, ಇವೆಲ್ಲ ಹೇಳದೆ ಉಳಿದುಹೋಗುತ್ತವೆ.

ಇದು ದಯಾಮರಣವೇ? ವೆಂಟಿಲೇಟರ್ ಬೇಡವೆಂದರೆ ಕೊಂದಂತಾಗುವುದಿಲ್ಲವೇ?

ಅಲ್ಲ. ಹಾಸ್ಪಿಸ್ ಆರೈಕೆ ಸಾವನ್ನು ಬೇಗ ತರುವುದಿಲ್ಲ, ಮುಂದಕ್ಕೂ ತಳ್ಳುವುದಿಲ್ಲ. ಪ್ರಯೋಜನವಿಲ್ಲದ ಯಂತ್ರಗಳು ಬೇಡ ಎನ್ನುವ ಹಕ್ಕು ಬೇರೆ. ಘನತೆಯಿಂದ ಸಾಯುವುದು ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಹೇಳಿತು, ಅದಕ್ಕಿದ್ದ ಕಠಿಣ ವಿಧಾನವನ್ನು 2023ರ ಜನವರಿಯಲ್ಲಿ ಸರಳಗೊಳಿಸಿತು. ಈಗ ಪ್ರಾಪ್ತ ವಯಸ್ಸಿನ ಯಾರೇ ಆಗಲಿ, ಮುಂದೆ ತಮಗೆ ಪ್ರಜ್ಞೆ ಇಲ್ಲದಿದ್ದಾಗ ಯಾವ ಚಿಕಿತ್ಸೆ ಬೇಡವೆಂಬುದನ್ನು ಇಬ್ಬರು ಸಾಕ್ಷಿಗಳ ಮುಂದೆ ಬರೆದು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಳ್ಳಬಹುದು. ಅದನ್ನು ಜಾರಿಗೆ ತರುವ ಮೊದಲು ಆಸ್ಪತ್ರೆಯ ಎರಡು ವೈದ್ಯ ಮಂಡಳಿಗಳು ಒಪ್ಪಬೇಕು. ಕರ್ನಾಟಕ ಸರ್ಕಾರ ಈ ವ್ಯವಸ್ಥೆಗಾಗಿ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿದೆ.

ವಿಜಯಪುರದ ಕಡೆ ಮಾತನಾಡುವಾಗ ನಾನು ಕಾಯ್ದೆಗಿಂತ ಮೊದಲು ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರನ್ನು ನೆನೆಯುತ್ತೇನೆ. ತಮ್ಮ ದೇಹವನ್ನು ಅಗ್ನಿಗೆ ಅರ್ಪಿಸಬೇಕು, ಸ್ಮಾರಕ ಕಟ್ಟಬಾರದು ಎಂಬುದನ್ನು ಅವರು 2014ರಲ್ಲೇ ಪತ್ರವಾಗಿ ಬರೆದಿಟ್ಟಿದ್ದರು, ಕೊನೆಯ ದಿನಗಳನ್ನು ಆಶ್ರಮದಲ್ಲೇ ಕಳೆದು 2023ರ ಜನವರಿ 2ರಂದು ತೀರಿಕೊಂಡರು. ಆ ಪತ್ರ ಚಿಕಿತ್ಸೆಯನ್ನು ಕುರಿತದ್ದಲ್ಲ, ನಿಜ. ಆದರೂ ಸಾವಿನ ಮಾತನ್ನು ಮೊದಲೇ ಬರೆದಿಡುವುದು ಅಪಶಕುನ ಎನ್ನುವವರು ಅವರ ಹೆಸರು ಕೇಳಿದ ಮೇಲೆ ಸುಮ್ಮನಾಗುತ್ತಾರೆ.

ಊಟ, ನೀರು ಬಿಟ್ಟರೆ ಸಲಾಯಿನ್ ಹಾಕಿಸಬೇಕಲ್ಲವೇ?

ಕೊನೆಯ ದಿನಗಳಲ್ಲಿ ಹಸಿವು, ಬಾಯಾರಿಕೆ ತಾವಾಗಿಯೇ ಕುಗ್ಗುತ್ತವೆ. ಅನ್ನ ಬಿಟ್ಟದ್ದರಿಂದ ಸಾವು ಬರುತ್ತಿಲ್ಲ, ಸಾವು ಬರುತ್ತಿರುವುದರಿಂದ ದೇಹ ಅನ್ನ ಬಿಡುತ್ತಿದೆ. ಬಲವಂತದ ಸಲಾಯಿನ್ ಕಾಲುಗಳಲ್ಲಿ ಬಾವಾಗಿ, ಎದೆಯಲ್ಲಿ ಗೊರಗೊರ ಸದ್ದಾಗಿ ಸೇರಿಕೊಳ್ಳಬಹುದು. ತುಟಿ, ನಾಲಿಗೆಯನ್ನು ಒದ್ದೆ ಬಟ್ಟೆಯಿಂದ ಮತ್ತೆ ಮತ್ತೆ ತೇವಗೊಳಿಸಿ, ಮಗ್ಗುಲಾಗಿ ಮಲಗಿಸಿ. ಮಗನ ಕೈಯಿಂದ ಗುಟುಕು ನೀರು ಎಂಬ ನಮ್ಮ ಸಂಪ್ರದಾಯಕ್ಕೆ ಇದರಿಂದ ಭಂಗವಿಲ್ಲ. ಪ್ರಜ್ಞೆ ಇರುವವರಿಗೆ ಚಮಚದಿಂದ ಸ್ವಲ್ಪ ಸ್ವಲ್ಪವೇ ಹಾಕಿ, ಇಲ್ಲದವರಿಗೆ ತುಟಿಗೆ ಸವರಿ.

ನಮ್ಮ ಮೂರು ಜಿಲ್ಲೆಗಳಲ್ಲಿ ಎಲ್ಲಿ ಕೇಳಬೇಕು?

ಆಯುಷ್ಮಾನ್ ಆರೋಗ್ಯ ಮಂದಿರಗಳು, ಅಂದರೆ ಮೇಲ್ದರ್ಜೆಗೇರಿಸಿದ ಸರ್ಕಾರಿ ಉಪಕೇಂದ್ರಗಳು ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳು, ನೀಡಬೇಕಾದ ಹನ್ನೆರಡು ಬಗೆಯ ಸೇವೆಗಳಲ್ಲಿ ವೃದ್ಧರ ಆರೈಕೆ ಮತ್ತು ಉಪಶಾಮಕ ಆರೈಕೆಯೂ ಒಂದು. ಆದ್ದರಿಂದ ಮೊದಲು ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೂ ಕೇಳಿ, ಬಳಿಕ ಜಿಲ್ಲಾ ಆಸ್ಪತ್ರೆ ಮತ್ತು ಹತ್ತಿರದ ವೈದ್ಯಕೀಯ ಕಾಲೇಜನ್ನು ಕೇಳಿ. ಕ್ಯಾನ್ಸರ್ ಚಿಕಿತ್ಸೆಗೆ ನಮ್ಮವರು ಹುಬ್ಬಳ್ಳಿಯ ನವನಗರಕ್ಕೆ, ಮಿರಜಕ್ಕೆ, ಸೊಲ್ಲಾಪುರಕ್ಕೆ, ಬೆಂಗಳೂರಿನ ಕಿದ್ವಾಯಿಗೆ ಹೋಗುತ್ತಾರೆ, ಅಲ್ಲಿಂದ ಬಿಡುಗಡೆಯಾಗುವ ದಿನವೇ "ನೋವಿಗೆ ಮಾರ್ಫಿನ್ ಎಲ್ಲಿ ಸಿಗುತ್ತದೆ, ರಾತ್ರಿ ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು?" ಎಂದು ಕೇಳಿ ಬರೆಸಿಕೊಳ್ಳಿ. ಬೆಳಗಾವಿಯಿಂದ ಬೆಂಗಳೂರಿಗೆ ಸುಮಾರು 500 ಕಿಲೋಮೀಟರ್. ಆ ದೂರವನ್ನು ಹುಣ್ಣು ಒಡೆದ ರೋಗಿಯೊಂದಿಗೆ ಕ್ರಮಿಸುವ ಬದಲು ಆರೈಕೆಯೇ ಮನೆಗೆ ಬರಬೇಕೆಂಬುದು ನನ್ನ ಪ್ರಚಾರದ ತಿರುಳು.

ಹೋದ ತಿಂಗಳು ನನ್ನ ತಂದೆ ತೀರಿಕೊಂಡರು. ನಾನೂ ಈ ಕೆಲಸಕ್ಕೆ ಬರಬಹುದೇ?

ಬರಬಹುದು, ಆದರೆ ಈಗಲೇ ಬೇಡ. ಹತ್ತಿರದವರನ್ನು ಕಳೆದುಕೊಂಡವರು ರೋಗಿಗಳ ಬಳಿ ಕೆಲಸಕ್ಕೆ ಬರುವ ಮುನ್ನ ಒಂದು ವರ್ಷವಾದರೂ ಕಾಯಲಿ ಎಂಬ ರೂಢಿ ಅನೇಕ ಹಾಸ್ಪಿಸ್‌ಗಳಲ್ಲಿದೆ. ಒಂದು ಯುಗಾದಿ, ಒಂದು ದೀಪಾವಳಿ, ಒಂದು ವರ್ಷಾಬ್ದಿಕ ಅವರಿಲ್ಲದೆ ಕಳೆಯಲಿ. ಅಷ್ಟರಲ್ಲಿ ದಾನದ ಔಷಧಗಳ ಪಟ್ಟಿ ಬರೆಯುವುದು, ಏರ್ ಬೆಡ್‌ಗಳನ್ನು ಮನೆಗಳಿಗೆ ಮುಟ್ಟಿಸುವುದು ಇಂಥ ಕೆಲಸ ಮಾಡಬಹುದು. ಓದಿನ ವಿಷಯ ಹೇಳುವುದಾದರೆ, ನರ್ಸಿಂಗ್, ಸಮಾಜ ಕಾರ್ಯದ ಸ್ನಾತಕೋತ್ತರ ಪದವಿ, ಫಿಸಿಯೋಥೆರಪಿ ಇವು ನೇರ ದಾರಿಗಳು. ವೈದ್ಯರಿಗೂ ನರ್ಸ್‌ಗಳಿಗೂ ಭಾರತೀಯ ಉಪಶಾಮಕ ಆರೈಕೆ ಸಂಘದ ಸರ್ಟಿಫಿಕೇಟ್ ಕೋರ್ಸ್ ಇದೆ. ನನ್ನಂತೆ ಬಿ.ಎಸ್ಸಿ. ಓದಿದವರಿಗೆ ಪ್ರಚಾರ, ನಿಧಿ ಸಂಗ್ರಹ, ಸ್ವಯಂಸೇವಕರ ಹೊಂದಾಣಿಕೆಯಲ್ಲಿ ಜಾಗವಿದೆ. ಸಂಬಳ ಕಡಿಮೆ ಎಂಬುದನ್ನು ಮನೆಯವರಿಗೆ ಮೊದಲೇ ತಿಳಿಸಿ. ನಾನು ತಡವಾಗಿ ತಿಳಿಸಿದ್ದೆ.

ರೋಗಿಗಳ ಮನೆಯಲ್ಲಿ ನಿಮ್ಮ ಅವ್ವನ ಕಥೆ ಹೇಳುತ್ತೀರಾ?

ಸಭೆಯಲ್ಲಿ ಹೇಳುತ್ತೇನೆ, ವೈದ್ಯರ ಮುಂದೆ ಹೇಳುತ್ತೇನೆ, ದಾನಿಗಳ ಮುಂದೆಯಂತೂ ಖಂಡಿತ ಹೇಳುತ್ತೇನೆ. ಆ ಕಥೆಯಿಂದ ಬಾಗಿಲುಗಳು ತೆರೆದಿವೆ, ಅದನ್ನು ಒಪ್ಪಿಕೊಳ್ಳಲು ನಾಚಿಕೆಯಿಲ್ಲ. ಹಾಸಿಗೆಯ ಬಳಿ ಮಾತ್ರ ಹೇಳುವುದಿಲ್ಲ.

ಮೊದಲ ವರ್ಷ ಒಮ್ಮೆ ಹೇಳಿಬಿಟ್ಟಿದ್ದೆ. ಜಮಖಂಡಿ ತಾಲೂಕಿನ ಒಂದು ಮನೆಯಲ್ಲಿ, ಗರ್ಭಕೋಶದ ಕೊರಳಿನ ಕ್ಯಾನ್ಸರ್ ಇದ್ದ ತಾಯಿಯೊಬ್ಬರು ರಾತ್ರಿ ನಿದ್ದೆ ಬರುವುದಿಲ್ಲ ಎಂದರು. ಅದೇ ಮಾತು ಕೇಳಿದ್ದೇ ತಡ, ನನ್ನ ಅವ್ವನಿಗೂ ಹೀಗೇ ಆಗಿತ್ತು ಎಂದು ಶುರುಮಾಡಿದವನು ಕಡೆಗೆ ಕಣ್ಣೀರು ಹಾಕಿದೆ. ಆ ತಾಯಿ ದಿಂಬಿಗೆ ಆನಿಕೊಂಡೇ ಎದ್ದು ಕೂತು, ನನ್ನ ಕೈ ಹಿಡಿದು, "ಹೋಗ್ಲಿ ಬಿಡಪಾ, ಊಟ ಮಾಡಿ ಹೋಗು" ಎಂದು ನನಗೇ ಸಮಾಧಾನ ಹೇಳಿದರು. ಸೊಸೆ ರೊಟ್ಟಿ, ಝುಣಕ ಬಡಿಸಿದಳು. ಬಸ್ಸಿನಲ್ಲಿ ಕೂತು ಚೀಟಿ ತೆಗೆದು ನೋಡಿದಾಗ, ಅವರಿಗೆ ನೋವು ಎಷ್ಟಾಣೆ ಇತ್ತೆಂದು ನಾನು ಕೇಳಿಯೇ ಇರಲಿಲ್ಲ. ಮರುದಿನ ಬೆಳಗಿನ ಬಸ್ಸಿಗೆ ಮತ್ತೆ ಹೋಗಿ ಕೇಳಿದೆ. ಹದಿನಾಲ್ಕಾಣೆ ಎಂದರು.